ಸಂಪಾದಕರ ಉತ್ತರ: ಸರ್ಕಾರಿ ವಕೀಲರು ಜಡ್ಜ್ ಆದರೆ ಯಾರ ಪರ?

ಪುತ್ತೂರಿನ ಓದುಗರೊಬ್ಬರು ಕೇಳಿದ್ದಾರೆ: ‘ಇಷ್ಟು ವರ್ಷ ಸರ್ಕಾರದ ಪರ ವಾದಿಸಿದವರನ್ನೇ ಹೈಕೋರ್ಟ್ ಜಡ್ಜ್ ಮಾಡಿದರೆ, ಅವರು ಸರ್ಕಾರದ ವಿರುದ್ಧ ತೀರ್ಪು ಬರೀತಾರಾ? ಇನ್ನೊಂದು, ಈ ಹುದ್ದೆಗೆ ಪರೀಕ್ಷೆ ಇದೆಯಾ?’

ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಆದರೆ ನಿಮ್ಮ ಕರಾವಳಿಯವರೇ ಒಬ್ಬರಿದ್ದರಲ್ಲ, ಕೆ.ಎಸ್. ಹೆಗ್ಡೆ, ಅವರನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ.

ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ 1909ರಲ್ಲಿ ಹುಟ್ಟಿದವರು. 1947ರಿಂದ 1951ರವರೆಗೆ ದಕ್ಷಿಣ ಕನ್ನಡದಲ್ಲಿ ಸರ್ಕಾರಿ ಪ್ಲೀಡರ್ ಮತ್ತು ಪಬ್ಲಿಕ್ ಪ್ರಾಸಿಕ್ಯೂಟರ್, ಅಂದರೆ ಸರ್ಕಾರದ ಪರ ವಾದಿಸುವ ವಕೀಲ. ಆಗ ಜಿಲ್ಲೆ ಮದ್ರಾಸಿಗೆ ಸೇರಿತ್ತು. 1952ರಲ್ಲಿ ಕಾಂಗ್ರೆಸ್‌ನಿಂದ ರಾಜ್ಯಸಭೆಗೆ ಹೋದರು. 1957ರಲ್ಲಿ ಆ ಸ್ಥಾನ ಬಿಟ್ಟು ಮೈಸೂರು ಹೈಕೋರ್ಟಿನ ಜಡ್ಜ್ ಆದರು. ಸಂಸತ್ತಿನಿಂದ ನೇರ ಹೈಕೋರ್ಟಿಗೆ! ಇವತ್ತು ಹೀಗಾದರೆ ಟಿವಿಯವರು ವಾರಗಟ್ಟಲೆ ಬಿಡ್ತಿರಲಿಲ್ಲ. ನೀವು ಹೇಳುವ ಅಳತೆಯಲ್ಲಿ ಅವರು ಎರಡು ಪಟ್ಟು ಸರ್ಕಾರದ ಮನುಷ್ಯ ಅಲ್ವಾ?

1966ರಲ್ಲಿ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ, ಮರುವರ್ಷ ಸುಪ್ರೀಂ ಕೋರ್ಟ್. ಅಲ್ಲಿ 1969ರಲ್ಲಿ ಕ್ರೈಪಾಕ್ ಕೇಸ್ ಬಂತು. ಜಮ್ಮು-ಕಾಶ್ಮೀರದಲ್ಲಿ ಅರಣ್ಯ ಸೇವೆಗೆ ಅಧಿಕಾರಿಗಳ ಆಯ್ಕೆ. ಆಯ್ಕೆ ಮಂಡಳಿಯಲ್ಲಿ ಕೂತಿದ್ದ ಒಬ್ಬ ಅಧಿಕಾರಿ ತಾನೂ ಅಭ್ಯರ್ಥಿ! ತನ್ನ ಹೆಸರು ಬಂದಾಗ ಎದ್ದು ಹೋಗಿದ್ದರು, ನಿಜ. ಆದರೆ ಎದುರಾಳಿಗಳ ಹೆಸರು ಬಂದಾಗ ಕೂತೇ ಇದ್ದರು. ಪಟ್ಟಿ ನೋಡಿದರೆ ಅವರದೇ ಮೊದಲ ಹೆಸರು. ಇದು ಬರೀ ಆಡಳಿತದ ಕೆಲಸ, ಸಹಜ ನ್ಯಾಯದ ನಿಯಮ (ತನ್ನದೇ ವಿಷಯದಲ್ಲಿ ತಾನೇ ತೀರ್ಪುಗಾರ ಆಗಬಾರದು ಎಂಬಂಥದ್ದು) ಇಲ್ಲಿ ಬರಲ್ಲ ಅನ್ನುವುದು ಸರ್ಕಾರದ ವಾದ. ಹೆಗ್ಡೆ ಒಪ್ಪಲಿಲ್ಲ. ಆಡಳಿತದ ಕೆಲಸದಲ್ಲೂ ನ್ಯಾಯವಾಗಿ ನಡೆಯಬೇಕು ಎಂದು ಬರೆದರು, ಆಯ್ಕೆ ರದ್ದಾಯಿತು. ಸರ್ಕಾರದ ಫೈಲು ಹೇಗೆ ತಯಾರಾಗುತ್ತದೆ ಎಂದು ಒಳಗಿನಿಂದ ನೋಡಿದವರಿಗೆ ಅದರ ಹುಳುಕು ಬೇಗ ಕಣ್ಣಿಗೆ ಬೀಳುತ್ತದೆ ಎಂಬುದು ನನ್ನ ಅನಿಸಿಕೆ. ಎಲ್ಲರಿಗೂ ಅಲ್ಲ, ನೋಡುವ ಮನಸ್ಸಿದ್ದವರಿಗೆ.

ಆಮೇಲೆ ಕೇಶವಾನಂದ ಭಾರತಿ ಕೇಸ್. ಎಡನೀರು ಮಠದ ಸ್ವಾಮೀಜಿ ಹಾಕಿದ್ದು. ಮಠ ಇರುವ ಕಾಸರಗೋಡು ಹೆಗ್ಡೆಯವರು ಪ್ಲೀಡರ್ ಆಗಿದ್ದ ಕಾಲಕ್ಕೆ ಅದೇ ಜಿಲ್ಲೆಯ ಭಾಗ. 13 ಜಡ್ಜ್‌ಗಳ ಪೀಠ, 7-6ರ ತೀರ್ಪು. ಸಂವಿಧಾನದ ಮೂಲ ರಚನೆಯನ್ನು, ಅಂದರೆ ಅದರ ಬುನಾದಿಯ ತತ್ವಗಳನ್ನು, ತಿದ್ದುಪಡಿ ಮಾಡಿಯೂ ಸಂಸತ್ತು ಮುಟ್ಟುವಂತಿಲ್ಲ ಎಂದ ಏಳು ಜನರಲ್ಲಿ ಹೆಗ್ಡೆಯೂ ಒಬ್ಬರು. ತೀರ್ಪು ಬಂದದ್ದು 1973ರ ಏಪ್ರಿಲ್ 24ರಂದು. ಅದರ ಬೆನ್ನಿಗೇ, ಆ ಏಳು ಜನರಲ್ಲೇ ಇದ್ದ ಹಿರಿಯ ಜಡ್ಜ್‌ಗಳಾದ ಶೆಲಟ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ, ಅವರಿಗಿಂತ ಕಿರಿಯರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟು ಹೊರಟರು.

ಹೆಗ್ಡೆ 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ಜಡ್ಜ್ ಆಗಿದ್ದವರು ಮತ್ತೆ ಚುನಾವಣೆಗೆ ನಿಲ್ಲುವುದು ನನಗೇನೂ ಇಷ್ಟವಿಲ್ಲ. ಅಲ್ಲಿ ನಿಮ್ಮ ಅನುಮಾನಕ್ಕೆ ನನ್ನದೂ ಒಂದು ಓಟು.

ಪರೀಕ್ಷೆಯ ವಿಷಯ: ಹೈಕೋರ್ಟ್ ಜಡ್ಜ್ ಆಗಲು ಪರೀಕ್ಷೆ ಇಲ್ಲ. ಹೈಕೋರ್ಟಿನಲ್ಲಿ 10 ವರ್ಷ ವಕೀಲರಾಗಿರಬೇಕು, ಇಲ್ಲವೇ 10 ವರ್ಷ ನ್ಯಾಯಾಂಗ ಹುದ್ದೆಯಲ್ಲಿರಬೇಕು. ಕೆಳಗಿನ ಕೋರ್ಟಿನ ಸಿವಿಲ್ ಜಡ್ಜ್ ಹುದ್ದೆಗೆ ಪರೀಕ್ಷೆ ಇದೆ. ನಿಮ್ಮ ಮನೆಯಲ್ಲಿ ಯಾರಾದರೂ ಕಾನೂನು ಓದುತ್ತಿದ್ದರೆ ಅದಕ್ಕೆ ಈಗಿನಿಂದಲೇ ತಯಾರಿ ಮಾಡಿಸಿ.