ಹಳೆಯ ಅಮೆರಿಕನ್ ಮಸಲ್ ಕಾರುಗಳಿಗೆ ಅಷ್ಟೊಂದು ಬೆಲೆ ಯಾಕೆ? ಈಗ ಒಂದು ಕೊಂಡಿಟ್ಟರೆ ಲಾಭ ಆಗುತ್ತಾ?

ನಾನಿರುವುದು ಡೆಟ್ರಾಯಿಟ್ ಹತ್ತಿರ. ಪ್ರತಿ ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೆಯ ಕಾರುಗಳು ಸಾಲುಗಟ್ಟಿ ಬರುತ್ತವೆ, ಊರಲ್ಲಿದ್ದರೆ ನಾನು ಅದನ್ನು ತಪ್ಪಿಸುವುದಿಲ್ಲ. ಇಷ್ಟ ಇದ್ದರೆ ಖಂಡಿತ ಕೊಳ್ಳಿ, ಬರೀ ಲಾಭಕ್ಕೆ ಅಂತಾದರೆ ಬೇಡ. ಯಾಕೆಂದರೆ ದೊಡ್ಡ ಬೆಲೆ ಬರುವುದು ಕಾರಿನ ಅಂದಕ್ಕಲ್ಲ, ಅದರ ಹುಟ್ಟಿನ ದಾಖಲೆಗೆ.

ಮಸಲ್ ಕಾರು ಅಂದರೆ ಮಾಮೂಲಿ ಕಾರಿಗೆ ಭಾರೀ ಎಂಜಿನ್ ಹಾಕಿದ್ದು. 1964ರಲ್ಲಿ ಜನರಲ್ ಮೋಟರ್ಸ್‌ನ ಪಾಂಟಿಯಾಕ್ ವಿಭಾಗದವರು ಟೆಂಪೆಸ್ಟ್ ಅನ್ನುವ ಮಧ್ಯಮ ಗಾತ್ರದ ಕಾರಿಗೆ 389 ಕ್ಯೂಬಿಕ್ ಇಂಚಿನ (ಸುಮಾರು 6.4 ಲೀಟರ್), ಎಂಟು ಸಿಲಿಂಡರಿನ ವಿ8 ಎಂಜಿನ್ ಕೂರಿಸಿ ಜಿಟಿಒ ಮಾಡಿದರು. ಆ ಗಾತ್ರದ ಕಾರಿಗೆ ಅಷ್ಟು ದೊಡ್ಡ ಎಂಜಿನ್ ಹಾಕಬಾರದು ಅಂತ ಜನರಲ್ ಮೋಟರ್ಸ್‌ನಲ್ಲೇ ನಿಯಮ ಇತ್ತು. ಹೊಸ ಮಾಡೆಲ್ ಅನ್ನದೆ, ಬೇಕಾದವರು ಹೆಚ್ಚು ಹಣ ಕೊಟ್ಟು ಹಾಕಿಸಿಕೊಳ್ಳುವ ಆಪ್ಷನ್ ಅಂತ ತೋರಿಸಿ ಅದನ್ನು ದಾಟಿದರು. ಶ್ರೀಮಂತರ ಸ್ಪೋರ್ಟ್ಸ್ ಕಾರ್ ಅಲ್ಲ ಇದು, ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗರಿಗೂ ಕಂತಿನಲ್ಲಿ ಎಟುಕುತ್ತಿದ್ದ ಕಾರು. ಆ ಹುಡುಗರೇ ವಯಸ್ಸಾಗಿ ಕೈಯಲ್ಲಿ ದುಡ್ಡು ಸೇರಿದಾಗ ಮತ್ತೆ ಇವನ್ನು ಹುಡುಕಿಕೊಂಡು ಬಂದರು.

ಆದರೆ ಆ ಕಾಲ ಬೇಗ ಮುಗಿಯಿತು. ವಿಮೆ ದುಬಾರಿ ಆಯ್ತು, ಹೊಗೆಯ ನಿಯಮ ಬಿಗಿಯಾಯ್ತು, ಎಂಜಿನ್ನುಗಳ ಕಂಪ್ರೆಷನ್ ಇಳಿಸಿ ಶಕ್ತಿಯನ್ನೇ ತಗ್ಗಿಸಿದರು, ಆಮೇಲೆ 1973ರ ತೈಲ ಬಿಕ್ಕಟ್ಟು. ಅದಕ್ಕೇ ಕೊನೆಯ ವರ್ಷಗಳ ಕೆಲವು ಕಾರುಗಳು ಬೆರಳೆಣಿಕೆಯಷ್ಟು. 1971ರ ಪ್ಲಿಮತ್ ಹೆಮಿ ಕುಡಾ ಕನ್ವರ್ಟಿಬಲ್ (ಮೇಲ್ಛಾವಣಿ ಮಡಚಬಹುದಾದ ಮಾಡೆಲ್) ತಯಾರಾಗಿದ್ದೇ 11, ಅದರಲ್ಲೊಂದು 2014ರ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು.

ಇನ್ನು ಮೋಸ ಆಗುವ ಜಾಗ. 1970ರ ಶೆವರ್ಲೆ ಶೆವೆಲ್ ಕಾರಿನಲ್ಲಿ ದೊಡ್ಡ ಎಂಜಿನ್ನಿನ ದುಬಾರಿ ಎಸ್‌ಎಸ್ ಯಾವುದು, ಮಾಮೂಲಿ ಮಾಲಿಬು ಯಾವುದು ಅಂತ ಚಾಸಿ ನಂಬರ್ ನೋಡಿ ಗೊತ್ತಾಗುವುದಿಲ್ಲ. ಬ್ಯಾಡ್ಜು, ಪಟ್ಟೆ, ಬಾನೆಟ್ ಎಲ್ಲ ಅಂಗಡಿಯಲ್ಲಿ ಸಿಗುತ್ತವೆ. ಪರಿಚಯದವರೊಬ್ಬರು ಎಸ್‌ಎಸ್ ಅಂತ ಮಾರಾಟಕ್ಕಿದ್ದ ಕೆಂಪು ಕಾರೊಂದನ್ನು ನೋಡಲು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಎಂಜಿನ್ ಬ್ಲಾಕಿನ ಮುಂದುಗಡೆ, ಬಲ ಸಿಲಿಂಡರ್ ಹೆಡ್ಡಿನ ಎದುರಿಗೆ ಒಂದು ಚಪ್ಪಟೆ ಜಾಗ ಇರುತ್ತದೆ, ಎಂಜಿನ್ ಯಾವ ಕಾರಿನದು ಅಂತ ಹೇಳುವ ನಂಬರ್ ಒತ್ತಿರುವುದು ಅಲ್ಲೇ. ಫ್ಯಾಕ್ಟರಿಯಲ್ಲಿ ಆ ಮೈಯನ್ನು ಹೆರೆದು ಸಮ ಮಾಡಿದಾಗ ಕೂದಲೆಳೆಯಂಥ ಗೀರುಗಳು ಉಳಿದಿರುತ್ತವೆ. ಗ್ರೀಸ್ ಒರೆಸಿ ಟಾರ್ಚ್ ಓರೆಯಾಗಿ ಹಿಡಿದೆ. ನಂಬರ್ ಚಾಸಿ ನಂಬರಿಗೆ ಸರಿಯಾಗಿ ಹೊಂದುತ್ತಿತ್ತು, ಗೀರು ಮಾತ್ರ ಒಂದೂ ಇಲ್ಲ, ಮೈ ಕನ್ನಡಿಯಂತೆ ನುಣುಪು. ಅಂದರೆ ಹಳೆಯ ನಂಬರ್ ಉಜ್ಜಿ ಹೊಸದು ಒತ್ತಿದ್ದಾರೆ. ಬಿಲ್ಡ್ ಶೀಟ್ ಇದೆಯಾ ಅಂತ ಕೇಳಿದೆವು. ಫ್ಯಾಕ್ಟರಿಯಲ್ಲಿ ಆ ಕಾರಿಗೆ ಏನೇನು ಹಾಕಬೇಕು ಅಂತ ಬರೆದಿದ್ದ ಹಾಳೆ ಅದು, ಸೀಟಿನ ಸ್ಪ್ರಿಂಗ್ ನಡುವೆಯೋ ಪೆಟ್ರೋಲ್ ಟ್ಯಾಂಕಿನ ಮೇಲೋ ಸಿಕ್ಕರೆ ಸಿಕ್ಕಿತು. ಮಾರುವವರ ಬಳಿ ಇರಲಿಲ್ಲ.

ಪರಿಚಯದವರು ವಾಪಸ್ ಹೊರಟೇ ಬಿಟ್ಟಿದ್ದರು. ಅಷ್ಟರಲ್ಲಿ ಮಾರುವವರು ಒಮ್ಮೆ ಸ್ಟಾರ್ಟ್ ಮಾಡಿದರು ನೋಡಿ! ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗೆಲ್ಲ ಇಡೀ ಕಾರು ಒಂದು ಪಕ್ಕಕ್ಕೆ ವಾಲುತ್ತಿತ್ತು, ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತಿತ್ತು. ಕೊನೆಗೆ ಪರಿಚಯದವರು, ಎಸ್‌ಎಸ್ ಬೆಲೆ ಅಲ್ಲ, ಮಾಲಿಬು ಬೆಲೆ ಕೊಡ್ತೀನಿ ಅಂದರು. ಅರ್ಧ ಗಂಟೆ ಚೌಕಾಸಿ ಆಯ್ತು, ಮಾರುವವರು ಒಪ್ಪಿದರು. ಈಗ ಆ ಕಾರು ಅವರ ಗ್ಯಾರೇಜಿನಲ್ಲಿದೆ, ಎಸ್‌ಎಸ್ ಬ್ಯಾಡ್ಜುಗಳನ್ನು ಅವರೇ ಕಿತ್ತಿಟ್ಟಿದ್ದಾರೆ.