ಕೃತಕ ಕವಾಟ ಹಾಕಿಸಿಕೊಂಡವರು ಬಸಳೆ, ಪತ್ರೊಡೆ ಬಿಡಲೇಬೇಕೇ?

ಉಡುಪಿಯಲ್ಲಿರುವ ನಿಮ್ಮ ತಾಯಿಗೆ ಹೃದಯದ ಮೈಟ್ರಲ್ ಜಾಗದಲ್ಲಿ (ಎಡಭಾಗದ ಮೇಲಿನ, ಕೆಳಗಿನ ಕೋಣೆಗಳ ನಡುವೆ) ಮೆಕ್ಯಾನಿಕಲ್ ಕವಾಟ ಹಾಕಿದ್ದಾರೆ, ಸೊಪ್ಪನ್ನು ಪೂರ್ತಿ ಬಿಡಬೇಕೇ ಎಂದು ಕೇಳಿದ್ದೀರಿ. ಬೇಕಿಲ್ಲ. ನನಗೂ ಅದೇ ಕವಾಟ. ಬಸಳೆ ಗಸಿ ಇಂದಿಗೂ ನನ್ನ ಊಟದಲ್ಲಿದೆ.

ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಅಥವಾ ಅಸಿಟ್ರೋಮ್ ಜೀವನಪೂರ್ತಿ ಬೇಕು. ಇವು ರಕ್ತ ಹೆಪ್ಪುಗಟ್ಟಲು ನೆರವಾಗುವ ವಿಟಮಿನ್ ಕೆ ಕೆಲಸವನ್ನು ತಡೆಯುವ ಮಾತ್ರೆಗಳು. ಆ ವಿಟಮಿನ್ ಹರಿವೆ, ಬಸಳೆ, ಕೆಸುವಿನ ಎಲೆಗಳಲ್ಲಿ ಹೇರಳ. ವಾರವಾರವೂ ಹೆಚ್ಚುಕಡಿಮೆ ಅಷ್ಟೇ ತಿನ್ನುತ್ತಿದ್ದರೆ ಮಾತ್ರೆಯ ಪ್ರಮಾಣವನ್ನು ಅದಕ್ಕೆ ಹೊಂದಿಸುತ್ತಾರೆ. ತೊಂದರೆ ಮಳೆಗಾಲದ ಆಟಿ ತಿಂಗಳಲ್ಲಿ: ವರ್ಷವಿಡೀ ಇಲ್ಲದ ಕೆಸುವಿನೆಲೆಯ ಪತ್ರೊಡೆ ದಿನವೂ ತಟ್ಟೆಗೆ ಬಂದರೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ತೋರಿಸುವ ಅಂಕಿ ಐಎನ್‌ಆರ್ ಇಳಿಯಬಹುದು. ಹೆದರಿ ಸೊಪ್ಪನ್ನು ಒಮ್ಮೆಲೇ ನಿಲ್ಲಿಸಿದರೆ ಅದು ಏರಿ ರಕ್ತಸ್ರಾವದ ಅಪಾಯ. ಮೈಟ್ರಲ್ ಕವಾಟಕ್ಕೆ ಸಾಮಾನ್ಯ ಗುರಿ 2.5ರಿಂದ 3.5, ತಾಯಿಯವರ ಗುರಿಯನ್ನು ಅವರ ವೈದ್ಯರಿಂದಲೇ ಬರೆಸಿಕೊಳ್ಳಿ. ಆಟಿ ಅಮಾವಾಸ್ಯೆಯ ಹಾಲೆಮರದ ಕಷಾಯವನ್ನು ಮಾತ್ರ ವೈದ್ಯರನ್ನು ಕೇಳದೆ ಕುಡಿಸಬೇಡಿ, ನೆರೆಮನೆಯ ಅಜ್ಜಿ ಎಷ್ಟೇ ಒತ್ತಾಯಿಸಲಿ.

ಸೊಪ್ಪಿಗಿಂತ ನನಗೆ ಹೆಚ್ಚು ಭಯ, ಮೊಣಕಾಲು ನೋವಿಗೆಂದು ಮೆಡಿಕಲ್ ಅಂಗಡಿಯಿಂದ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳದ್ದು. ಹೊಟ್ಟೆಯೊಳಗೆ ರಕ್ತಸ್ರಾವವಾದೀತು. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೂ ಕವಾಟದ ವಿಷಯ ಹೇಳಿ. ಸೋಂಕು ತಡೆಯಲು ಮುಂಚಿತವಾಗಿ ಆ್ಯಂಟಿಬಯಾಟಿಕ್ ಕೊಡುತ್ತಾರೆ.

ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿದ ಎದೆಮೂಳೆ ಕೂಡಿಕೊಳ್ಳಲು 6ರಿಂದ 8 ವಾರ ಬೇಕು. ಅಲ್ಲಿಯವರೆಗೆ ಬಾವಿಯಿಂದ ನೀರು ಸೇದುವುದು, ತೆಂಗಿನಕಾಯಿ ತುರಿಯುವುದು ಬೇರೆಯವರ ಪಾಲಿಗಿರಲಿ. ರಾತ್ರಿ ಎದೆಯಿಂದ ಟಿಕ್ ಟಿಕ್ ಕೇಳಿಸಿದರೆ ಗಾಬರಿ ಬೇಡ, ಅದು ಕವಾಟ ಮುಚ್ಚುವ ಸದ್ದು. ಆ ಸದ್ದು ಮಂಕಾಗಿ ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.