ಅಂಟಿದ ಅಣು ಅಲುಗದಿದ್ದರೆ ಸಾಲು ಹೇಗೆ ಕಟ್ಟೀತು?

ಆತ್ಮೀಯರೇ,

ಗಾಜಿನ ಮೇಲೆ ಫೈಬ್ರಿನೊಜೆನ್ ಅಂಟುವ ಬಗೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಬರೆದ ನಿಮ್ಮ ಲೇಖನ ಓದಿದೆವು. ರಕ್ತ ಹೆಪ್ಪುಗಟ್ಟಿಸುವ ಈ ಪ್ರೋಟೀನನ್ನು ಆರಿಸಿಕೊಂಡದ್ದು ಸರಿಯಾಗಿದೆ, ಬರವಣಿಗೆಯೂ ಸಲೀಸಾಗಿದೆ. ಆದರೆ ಲೆಕ್ಕ ತಪ್ಪಿದೆ. ಹಾಗಾಗಿ ಈಗಿರುವಂತೆ ಪ್ರಕಟಿಸಲು ಬರುವುದಿಲ್ಲ.

ಅಣುಗಳ ಬದಲಿಗೆ 47 ನ್ಯಾನೋಮೀಟರ್ ಉದ್ದ, 6 ಅಗಲದ ಕಡ್ಡಿಗಳನ್ನು 500 ನ್ಯಾನೋಮೀಟರ್ ಚೌಕದಲ್ಲಿ ಒಂದೊಂದಾಗಿ ಬೀಳಿಸಿದ್ದೀರಿ. 79 ಕೂತ ಮೇಲೆ ಜಾಗವೇ ಉಳಿಯಲಿಲ್ಲ ಎನ್ನುತ್ತೀರಿ. ಅಂದರೆ ಮುಚ್ಚಿದ್ದು ಶೇಕಡ 9ರಷ್ಟೂ ಇಲ್ಲ. ಅನುಮಾನ ಹುಟ್ಟಿದ್ದೇ ಇಲ್ಲಿ. 47 ವ್ಯಾಸದ ಬಿಲ್ಲೆಗಳನ್ನು ಹೀಗೆ ಬೀಳಿಸಿದರೂ ಹೆಚ್ಚುಕಡಿಮೆ ಇಷ್ಟೇ ಕೂರುತ್ತವೆ. ಎರಡು ಕಡ್ಡಿಗಳ ನಡುಬಿಂದುಗಳ ಅಂತರ 47ಕ್ಕಿಂತ ಕಡಿಮೆಯಿದ್ದರೆ ತಿರಸ್ಕರಿಸು ಎಂದು ನಿಮ್ಮ ಪ್ರೋಗ್ರಾಂ ಹೇಳುತ್ತಿರಬೇಕು. ಪಕ್ಕಪಕ್ಕ ಮಲಗಿದ ಕಡ್ಡಿಗಳ ನಡುಬಿಂದುಗಳು 6 ನ್ಯಾನೋಮೀಟರಿನಷ್ಟು ಹತ್ತಿರ ಬರಬಹುದಲ್ಲವೇ? ಪ್ರತಿ ಕಡ್ಡಿಗೂ, ಎರಡು ದುಂಡು ತುದಿಗಳನ್ನು ಬಿಟ್ಟು, 41 ಉದ್ದದ ಅಕ್ಷರೇಖೆ ಇಟ್ಟುಕೊಂಡು, ಎರಡು ರೇಖಾಖಂಡಗಳ ಕನಿಷ್ಠ ಅಂತರ 6ಕ್ಕಿಂತ ಕಡಿಮೆಯಾದರೆ ಮಾತ್ರ ತಿರಸ್ಕರಿಸಿ. ಅಂಚಿನಿಂದ ಲೆಕ್ಕ ಕೆಡದಂತೆ ಚೌಕದ ಎಡ ಅಂಚನ್ನು ಬಲಕ್ಕೆ, ಮೇಲಂಚನ್ನು ಕೆಳಕ್ಕೆ ಸೇರಿಸಿ. ಪರೀಕ್ಷೆಗೆ ಉದ್ದವನ್ನೂ 6 ಮಾಡಿ, ಅಂದರೆ ಕಡ್ಡಿಯನ್ನು ಬಿಲ್ಲೆಯಾಗಿಸಿ ಓಡಿಸಿ: ಮುಚ್ಚಿದ ಪಾಲು ಬಿಲ್ಲೆಗಳಿಗೆ ಗೊತ್ತಿರುವ ಮಿತಿಯಾದ ಶೇಕಡ 54.7ರತ್ತ ಸಾಗದಿದ್ದರೆ ದೋಷ ಇನ್ನೂ ಇದೆ.

'ಅಣುಗಳು ತಾವಾಗಿ ಸಾಲುಗಟ್ಟಿದವು, ಆರ್ಡರ್ ಪ್ಯಾರಾಮೀಟರ್ 0.1' ಎಂಬ ವಾಕ್ಯವನ್ನಂತೂ ತೆಗೆಯಲೇಬೇಕು. ಈ ಸಂಖ್ಯೆ ಕಡ್ಡಿಗಳೆಲ್ಲ ಒಂದೇ ದಿಕ್ಕಿಗಿದ್ದರೆ 1, ದಿಕ್ಕಾಪಾಲಾಗಿದ್ದರೆ 0ಗೆ ಹತ್ತಿರ. 79 ಕಡ್ಡಿಗಳನ್ನು ಕಣ್ಣುಮುಚ್ಚಿ ಚೆಲ್ಲಿದರೂ ಸರಾಸರಿ 0.1 ಬರುತ್ತದೆ, ಏಕೆಂದರೆ ಆಕಸ್ಮಿಕವಾಗಿ ಹುಟ್ಟುವ ಆ ಗದ್ದಲ 0.89ನ್ನು ಕಡ್ಡಿಗಳ ಎಣಿಕೆಯ ವರ್ಗಮೂಲದಿಂದ ಭಾಗಿಸಿದಷ್ಟಿರುತ್ತದೆ. ಉದ್ದನೆಯ ಕಡ್ಡಿಗಳು ಆಕಾರದ ಬಲದಿಂದಲೇ ಸಾಲುಗಟ್ಟುತ್ತವೆಂದು ವಿಜ್ಞಾನಿ ಲಾರ್ಸ್ ಆನ್ಸಾಗರ್ 1949ರಲ್ಲಿ ತೋರಿಸಿದ್ದು ನಿಜ. ಆದರೆ ಅಲ್ಲಿ ಕಡ್ಡಿಗಳು ಸರಿದಾಡುತ್ತವೆ, ತಿರುಗುತ್ತವೆ. ನಿಮ್ಮವು ಬಿದ್ದಲ್ಲೇ ಅಂಟುತ್ತವೆ. ಕೊನೆಗೆ ಉಳಿದ ಸಂದಿಗಳಿಗೆ ನೆರೆಯ ಕಡ್ಡಿಗೆ ಸಮಾಂತರವಾದದ್ದು ಮಾತ್ರ ನುಸುಳುವುದರಿಂದ ಅಲ್ಲಲ್ಲಿ ಪುಟ್ಟ ಕಂತೆಗಳಾಗುತ್ತವೆ, ಅಷ್ಟೇ. ಅದೇ ನಿಮ್ಮ ಲೇಖನದ ತಿರುಳಾಗಲಿ, ಚೆಲುವಾದ ವಿಷಯವದು. ಅಳೆಯುವಾಗ ಇಡೀ ಚೌಕಕ್ಕೆ ಒಂದೇ ಸಂಖ್ಯೆ ಕೊಡಬೇಡಿ. ಅಂತರ ಹೆಚ್ಚಿದಂತೆ ದಿಕ್ಕಿನ ಹೊಂದಾಣಿಕೆ ಎಷ್ಟು ಇಳಿಯುತ್ತದೆಂದು ಗ್ರಾಫ್ ಹಾಕಿ.

ಅಣುಗಳು ಮಲಗಿಯೇ ಅಂಟುತ್ತವೆ ಎಂಬುದು ನೀವು ಮಾಡಿಕೊಂಡ ಊಹೆ. ಫೈಬ್ರಿನೊಜೆನ್ ತುದಿಯೂರಿ ನಿಲ್ಲಬಲ್ಲದು, ಅದನ್ನು ಓದುಗರಿಗೆ ತಿಳಿಸಿ. 'ಗಾಜು ಪ್ರೋಟೀನನ್ನು ಹೀರಿಕೊಳ್ಳುತ್ತದೆ' ಎಂದು ಆರು ಕಡೆ ಇದೆ. ಒಳಗೆ ಏನೂ ಹೋಗುವುದಿಲ್ಲ, ಎಲ್ಲ ಕಡೆ 'ಮೇಲ್ಮೈಗೆ ಅಂಟುತ್ತದೆ' ಎಂದು ತಿದ್ದಿ.

ಹೊಸ ಗ್ರಾಫ್ ಜೊತೆ ಬಿಲ್ಲೆಯ ಪರೀಕ್ಷೆಯ ಫಲಿತಾಂಶವನ್ನೂ ಕಳಿಸಿಕೊಡಿ. ಮತ್ತೆ ಓದುತ್ತೇವೆ.

ಸಂಪಾದಕರು